ದೋಣಿ ಗಾಡಿಯ ಹಿಂದಿನ ಕೆಂಪು ದೀಪ

ಅಮೆರಿಕದ ಮಿನೆಸೋಟಾ ರಾಜ್ಯಕ್ಕೆ ‘ಹತ್ತು ಸಾವಿರ ಕೆರೆಗಳ ನಾಡು’ ಅಂತ ಹೆಸರು. ಬೇಸಿಗೆಯ ಶನಿವಾರ ಬಂತೆಂದರೆ ಕಾರುಗಳ ಹಿಂದೆ ದೋಣಿ ಹೊತ್ತ ಟ್ರೇಲರ್‌ಗಳದ್ದೇ ಸಾಲು. ಮಗಳ ಮನೆಗೆ ಹೋದಾಗ ನಾನೂ ನೋಡಿದ್ದೇನೆ. ಕೆರೆಯ ದಂಡೆಯಲ್ಲಿ ಟ್ರೇಲರನ್ನು ಹಿಂದಕ್ಕೆ ತಳ್ಳಿ ನೀರಿಗೇ ಇಳಿಸುತ್ತಾರೆ, ದೋಣಿ ತಾನೇ ತೇಲಿಕೊಳ್ಳುತ್ತದೆ. ಆದರೆ ಜೊತೆಗೆ ಟ್ರೇಲರ್‌ನ ಹಿಂದಿನ ದೀಪಗಳೂ ಮುಳುಗುತ್ತವೆ!

ಬಿಸಿಯಾದ ಬಲ್ಬಿನ ಗಾಜಿಗೆ ತಣ್ಣೀರು ತಾಗಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಅದಕ್ಕೇ ನೀರಿಗಿಳಿಸುವ ಮೊದಲು ದೀಪದ ಪ್ಲಗ್ ಕಳಚಿ, ಬಲ್ಬು ಆರುವ ತನಕ ಕಾಯುವುದು ಅಲ್ಲಿನ ಹಳೆಯ ಪದ್ಧತಿ. ಬಲ್ಬು ಉಳಿದರೂ ಹೋಲ್ಡರ್ ತುಕ್ಕು ಹಿಡಿಯುತ್ತದೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಅರ್ಥ್ ವೈರು. ಅದು ಸಡಿಲವಾದರೆ ಕರೆಂಟು ಕಾರಿನ ಕೊಂಡಿಯ ಮೂಲಕ ಹಿಂದಿರುಗಲು ನೋಡುತ್ತದೆ, ಗುಂಡಿ ಬಂದಾಗಲೆಲ್ಲ ದೀಪ ಮಿಣುಕುತ್ತದೆ. ನಮ್ಮ ಅಳಿಯಂದಿರು ರಿಪೇರಿ ಶುರುಮಾಡಿದ್ದೂ ಅಲ್ಲಿಂದಲೇ. ಬಣ್ಣ ಕೆರೆದು, ಬರಿ ಲೋಹಕ್ಕೆ ಬಿಳಿ ವೈರು ಬಿಗಿದರು. ಅಲ್ಲಿ ಬಿಳಿ ಅರ್ಥ್, ಕಂದು ಹಿಂದಿನ ದೀಪ, ಹಳದಿ ಎಡ, ಹಸಿರು ಬಲ. ಆಮೇಲೆ ಹಳೆಯ ದೀಪ ತೆಗೆದು ನೀರು ಒಳಹೋಗದಂತೆ ಮುಚ್ಚಿದ ಎಲ್‌ಇಡಿ ಕೂರಿಸಿದರು.

ಈ ಚಿಕ್ಕ ದೀಪದ ಹಿಂದೆ ದೊಡ್ಡ ಚರಿತ್ರೆಯಿದೆ ನೋಡಿ. ಮೊದಲ ಮೋಟಾರುಗಳಿಗೆ ಎಣ್ಣೆ ದೀಪ, ಅಸಿಟಲೀನ್ ದೀಪಗಳಿದ್ದವು. 1912ರ ಕ್ಯಾಡಿಲಾಕ್‌ನಲ್ಲಿ ವಿದ್ಯುತ್ ಸ್ಟಾರ್ಟರ್ ಮತ್ತು ವಿದ್ಯುತ್ ದೀಪ ಜೊತೆಯಾಗಿ ಬಂದವು. 1966ರಲ್ಲಿ ಅಮೆರಿಕ ವಾಹನ ಸುರಕ್ಷತೆಯ ಕಾಯಿದೆ ಮಾಡಿತು. ಅದರಡಿ ಬಂದ 108ನೇ ಮಾನದಂಡ ಕಾರಿಗಷ್ಟೇ ಅಲ್ಲ, ಟ್ರೇಲರ್‌ಗೂ ಯಾವ ದೀಪ ಎಲ್ಲಿರಬೇಕೆಂದು ಹೇಳಿತು.

ಅಷ್ಟರಲ್ಲಿ ಎಲ್‌ಇಡಿ ಹುಟ್ಟಿಯಾಗಿತ್ತು. 1962ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ನಿಕ್ ಹೊಲೊನ್ಯಾಕ್ ಕೆಂಪು ಬೆಳಕಿನ ಎಲ್‌ಇಡಿ ಮಾಡಿ ತೋರಿಸಿದರು. ಅವರ ತಂದೆ ಪೂರ್ವ ಯೂರೋಪಿನಿಂದ ಹೊಟ್ಟೆಪಾಡಿಗೆ ಬಂದು ಇಲಿನಾಯ್‌ನ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಸಂಗತಿ ಹತ್ತಿರದ್ದು ಅನಿಸುತ್ತದೆ, ಅಲ್ಲವೇ? ನೀಲಿ ಎಲ್‌ಇಡಿಗೆ 2014ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂತು. ಆದರೆ ವಾಹನದ ಹಿಂದೆ ಉರಿಯುವುದು ಇವತ್ತಿಗೂ ಕೆಂಪೇ.

ಎಲ್‌ಇಡಿಯ ಲಾಭ ನೀರಿಗೆ ಹೆದರದಿರುವುದಷ್ಟೇ ಅಲ್ಲ. ಬಲ್ಬಿನ ತಂತಿ ಕಾದು ಬೆಳಗಲು ಸೆಕೆಂಡಿನ ಐದನೇ ಒಂದು ಪಾಲಿನಷ್ಟು ಹೊತ್ತು ಬೇಕು, ಎಲ್‌ಇಡಿ ತಕ್ಷಣ ಹೊತ್ತುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹಿಂದೆ ಬರುವವನಿಗೆ ಅಷ್ಟರಲ್ಲಿ ಐದೂವರೆ ಮೀಟರ್ ಉಳಿಯುತ್ತದೆ. ಬ್ಯಾಂಕಿನವನ ಲೆಕ್ಕ, ಬೇಕಾದರೆ ತಾಳೆ ನೋಡಿ!

ಇದನ್ನೆಲ್ಲ ಬರೆಯಲು ಕಾರಣವಿದೆ. ಮಹಾರಾಷ್ಟ್ರದಲ್ಲಿ ನನ್ನ ನೌಕರಿಯ ಬಹುಪಾಲು ಟ್ರ್ಯಾಕ್ಟರ್ ಸಾಲಗಳ ನಡುವೆಯೇ ಕಳೆಯಿತು. ಕೊಲ್ಹಾಪುರ, ಸಾಂಗ್ಲಿ, ಗಡಿ ದಾಟಿದರೆ ನಮ್ಮ ಬೆಳಗಾವಿ, ಎಲ್ಲ ಕಡೆ ಕಬ್ಬಿನ ಹಂಗಾಮಿನಲ್ಲಿ ರಾತ್ರಿಯಿಡೀ ಟ್ರಾಲಿಗಳು ಓಡುತ್ತವೆ. ಎಷ್ಟೋ ಟ್ರಾಲಿಗಳ ಹಿಂದೆ ಒಂದು ದೀಪವೂ ಇರುವುದಿಲ್ಲ. ಕತ್ತಲಲ್ಲಿ ನಿಂತ ಟ್ರಾಲಿಗೆ ಬೈಕು ಬಡಿದು ಸಾಲಗಾರ ತೀರಿಕೊಂಡರೆ ಆ ಖಾತೆ ಬ್ಯಾಂಕಿನ ಮೇಜಿಗೆ ಬರುತ್ತದೆ. ಎದುರಿನ ಕುರ್ಚಿಯಲ್ಲಿ ಅವನ ಹೆಂಡತಿ ಕೂತಿರುತ್ತಾಳೆ.

ನಮ್ಮಲ್ಲೂ ನಿಯಮ ಇಲ್ಲ ಅಂತಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ದೀಪ, ರಿಫ್ಲೆಕ್ಟರ್ ಎರಡೂ ಬಂದಿವೆ. ರಜೆಯ ದಿನ ಮೀನು ಹಿಡಿಯಲು ಹೋಗುವ ದೋಣಿಗೆ ಅಷ್ಟು ಜೋಪಾನ ಇರುವಾಗ, ನಮ್ಮ ಸಕ್ಕರೆ ಹೊತ್ತು ತರುವ ಗಾಡಿಗೆ ಬೇಡವೇ? ಈ ಸಲ ಊರಿಗೆ ಹೋದಾಗ ಅಣ್ಣತಮ್ಮಂದಿರ ಟ್ರಾಲಿಯ ಹಿಂದೆ ಒಮ್ಮೆ ನಿಂತು ನೋಡಿ. ದೀಪ ಇಲ್ಲದಿದ್ದರೆ ನೀವೇ ಒಂದು ಜೊತೆ ಕೊಂಡು ಹಾಕಿಸಿ ಬನ್ನಿ.