ಫಿಲಡೆಲ್ಫಿಯಾದ ಪಿಟೀಲುಗಳು

ಅಮೆರಿಕದಲ್ಲಿ ಕಪ್ಪು ಜನರ ಸಂಗೀತವೆಂದರೆ ಬರೀ ಲಯ ಮತ್ತು ಆವೇಶ, ಪಿಟೀಲು, ಓಬೊ, ಫ್ರೆಂಚ್ ಹಾರ್ನ್‌ಗಳೆಲ್ಲ ಬಿಳಿಯರ ಸಭಾಂಗಣಕ್ಕೆ ಸೇರಿದವು ಎಂಬ ಪೂರ್ವಗ್ರಹ ಬಹಳ ಕಾಲ ಬೇರೂರಿತ್ತು. ಅದನ್ನು ಸದ್ದಿಲ್ಲದೆ ಅಲುಗಾಡಿಸಿದವರಲ್ಲಿ ಥಾಮ್ ಬೆಲ್ ಒಬ್ಬರು.

1943ರಲ್ಲಿ ಜಮೈಕಾದಲ್ಲಿ ಹುಟ್ಟಿ ಫಿಲಡೆಲ್ಫಿಯಾದಲ್ಲಿ ಬೆಳೆದ ಬೆಲ್ ಬಾಲ್ಯದಲ್ಲೇ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಕಲಿತರು. 1968ರಲ್ಲಿ ಡೆಲ್ಫೋನಿಕ್ಸ್ ತಂಡಕ್ಕೆ ಅವರು ರೂಪಿಸಿದ ಹಾಡು ದೇಶದಾದ್ಯಂತ ಜನಪ್ರಿಯವಾಯಿತು. ಮುಂದೆ ಸ್ಟೈಲಿಸ್ಟಿಕ್ಸ್, ಸ್ಪಿನ್ನರ್ಸ್ ತಂಡಗಳೂ ಅವರ ಕೈಯಲ್ಲಿ ಬೆಳಗಿದವು. ವಾದ್ಯಗಳ ಸ್ವರಗಳನ್ನು ಅವರು ಕಾಗದದ ಮೇಲೆ ಬರೆದೇ ಸಿದ್ಧಪಡಿಸುತ್ತಿದ್ದರು. ಹತ್ತಾರು ಪಿಟೀಲುಗಳು ಮೊಳಗಿದರೂ ಗಾಯಕನ ತೆಳುವಾದ ಎತ್ತರದ ದನಿ ಅದರಲ್ಲಿ ಮುಳುಗುತ್ತಿರಲಿಲ್ಲ. 1974ರಲ್ಲಿ ಮನೆಮಾತಾದ ಸ್ಟೈಲಿಸ್ಟಿಕ್ಸ್ ಗೀತೆಯೊಂದರಲ್ಲಿ ವಿದ್ಯುತ್ ಸಿತಾರವೂ ಕೇಳಿಸುತ್ತದೆ. ಗಿಟಾರಿನಂತೆ ನುಡಿಸುವ ವಾದ್ಯವದು, ಆದರೆ ನೆನಪಿಸುವುದು ನಮ್ಮ ನೆಲದ ನಾದವನ್ನೇ. 1975ರಲ್ಲಿ ವರ್ಷದ ನಿರ್ಮಾಪಕನಿಗೆ ಗ್ರ್ಯಾಮಿ ಪ್ರಶಸ್ತಿಯನ್ನು ಮೊದಲ ಬಾರಿಗೆ ನೀಡಿದಾಗ ಅದು ಬೆಲ್ ಅವರಿಗೇ ಸಂದಿತು.

ಅವರ ಜೊತೆಗಾರ ಕೆನೆತ್ ಗ್ಯಾಂಬಲ್ ಇಸ್ಲಾಮ್ ಸ್ವೀಕರಿಸಿ ಲುಕ್ಮಾನ್ ಅಬ್ದುಲ್ ಹಕ್ ಆದರು. ತಾವು ಬೆಳೆದ ದಕ್ಷಿಣ ಫಿಲಡೆಲ್ಫಿಯಾದ ಪಾಳುಬಿದ್ದ ಬೀದಿಗಳಲ್ಲಿ ಮನೆ, ಶಾಲೆಗಳನ್ನು ಕಟ್ಟುವ ಕೆಲಸಕ್ಕೆ ಇಳಿದರು. ಬೆಲ್ 2022ರಲ್ಲಿ ತೀರಿಕೊಂಡರು. ಒಬ್ಬರು ಸ್ವರಗಳಲ್ಲಿ, ಇನ್ನೊಬ್ಬರು ಇಟ್ಟಿಗೆಗಳಲ್ಲಿ ಕಟ್ಟಿದರು. ಕಟ್ಟಿದ್ದು ಮಾತ್ರ ಒಂದನ್ನೇ: ನಿರಾಕರಿಸಲ್ಪಟ್ಟವರ ಘನತೆಯನ್ನು.