ಮಲೆನಾಡಿನ ಉಪಾಧ್ಯಾಯರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಗಳಲ್ಲಿ ಮನೆಗಳು ತೋಟಗದ್ದೆಗಳ ನಡುವೆ ದೂರದೂರ ಚದರಿರುವುವಷ್ಟೆ. ಆದುದರಿಂದ ಪೂರ್ವದಲ್ಲಿ ಮಲೆನಾಡಿನ ಅನುಕೂಲಸ್ಥರು ಘಟ್ಟದ ಕೆಳಗಿನ ಐಗಳನ್ನು ಮನೆಯಲ್ಲಿಯೇ ಇರಿಸಿಕೊಂಡು ಮಕ್ಕಳಿಗೆ ಓದುಬರಹ ಕಲಿಸುತ್ತಿದ್ದರು. 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪುರವರಿಗೂ ಕುಪ್ಪಳಿಯ ಮನೆಯಲ್ಲಿ ಮೊದಲು ಪಾಠ ಹೇಳಿದವರು ದಕ್ಷಿಣ ಕನ್ನಡದ ಉಪಾಧ್ಯಾಯರೇ.

1913ರಲ್ಲಿ ಮೈಸೂರು ಸರ್ಕಾರವು ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನನ್ನು ಮಾಡಿತು. ಕ್ರಮೇಣ ಶಾಲೆಗಳು ಹೆಚ್ಚಿದುವು. ಆದರೆ ಬಯಲುಸೀಮೆಯಿಂದ ಬಂದವರನ್ನು ಚಳಿಜ್ವರವೂ ಮಳೆಗಾಲವೂ ಹೆದರಿಸಿದುವು. ವರ್ಗವಾಗಿ ಹಿಂದಿರುಗುವುದೇ ಅನೇಕರ ಬಯಕೆಯಾಯಿತು. 1953ರ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದ ತರುವಾಯ ಜ್ವರವು ತಗ್ಗಿತು, ಬಯಕೆಯು ತಗ್ಗಲಿಲ್ಲ. 2007ರಲ್ಲಿ ಉಪಾಧ್ಯಾಯರ ವರ್ಗಾವಣೆಗೆಂದೇ ರಾಜ್ಯದಲ್ಲಿ ಪ್ರತ್ಯೇಕ ಶಾಸನವಾಯಿತು.

ಶಾಸನವು ಉಪಾಧ್ಯಾಯನನ್ನು ಕಳುಹಿಸಬಲ್ಲುದು, ನಿಲ್ಲಿಸಲಾರದು. ಐಗಳಿಗೆ ಊಟವನ್ನೂ ವಸತಿಯನ್ನೂ ಒದಗಿಸಿದ ಹಳೆಯ ಮನೆಗಳು ಈ ಮರ್ಮವನ್ನು ಅರಿತಿದ್ದುವು.