ಡಾಲರ್ ಚಿಹ್ನೆಯ ಹಿಂದಿದ್ದ ಸಿ

ಬೆಂಗಳೂರಿನ ಚಿಪ್ ಕಂಪನಿಗಳಿಗೆ ಈಗ ಸೇರುವ ಹುಡುಗರ ಮುಂದೆ ‘ಪಿಎಲ್‌ಐ’ ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ನಮ್ಮ ಕಾಲದ ವೆರಿಫಿಕೇಶನ್‌ನವರು (ಚಿಪ್ ಡಿಸೈನನ್ನು ಪರೀಕ್ಷಿಸುವವರು) ಅದನ್ನೇ ನಂಬಿ ಹೊಟ್ಟೆ ಹೊರೆದವರು.

1980ರ ದಶಕದ ಮಧ್ಯದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಗೇಟ್‌ವೇ ಡಿಸೈನ್ ಆಟೊಮೇಶನ್ ಕಂಪನಿಯಲ್ಲಿ ಫಿಲ್ ಮೂರ್ಬಿ ಮತ್ತು ಪ್ರಭು ಗೋಯಲ್ ವೆರಿಲಾಗ್ ಭಾಷೆಯನ್ನು ರೂಪಿಸಿದರು. ಗೋಯಲ್ ನಮ್ಮ ಕಾನ್ಪುರ ಐಐಟಿಯಲ್ಲಿ ಓದಿದವರು. ಸರ್ಕ್ಯೂಟನ್ನು ಬರೆದು ತೋರಿಸುವುದರಲ್ಲಿ ಆ ಭಾಷೆ ಗಟ್ಟಿ, ಉಳಿದದ್ದರಲ್ಲಿ ಬಡವ. 2001ರ ಪರಿಷ್ಕರಣೆಯಲ್ಲಿ ಅನುಕೂಲ ಬರುವ ತನಕ ಫೈಲೊಂದನ್ನು ಸಾಲು ಸಾಲಾಗಿ ಓದುವುದಕ್ಕೂ ಅದಕ್ಕೆ ಸಿ ಭಾಷೆಯ ನೆರವು ಬೇಕಿತ್ತು.

ಆ ನೆರವು ಸಿಗುತ್ತಿದ್ದದ್ದು ಪಿಎಲ್‌ಐ (ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್ ಇಂಟರ್‌ಫೇಸ್) ಮೂಲಕ. ಮೊದಲು ಸಿ ಫಂಕ್ಷನ್ ಬರೆಯಬೇಕು. ಆಮೇಲೆ ‘ವೆರಿಯೂಸರ್‌ಟಿಎಫ್ಎಸ್’ ಎಂಬ ಪಟ್ಟಿಯಲ್ಲಿ ಅದರ ಹೆಸರು ದಾಖಲಿಸಬೇಕು. ಪಟ್ಟಿಯ ಕೊನೆಯ ಸಾಲು ಸೊನ್ನೆಯೇ ಆಗಿರಬೇಕು. ಎಷ್ಟೋ ಕಡೆ ವೆರಿಲಾಗ್ ಕೋಡನ್ನು ನಡೆಸಿ ನೋಡುವ ಸಿಮ್ಯುಲೇಟರನ್ನೇ ಮತ್ತೆ ಲಿಂಕ್ ಮಾಡಿ ಹೊಸದಾಗಿ ಕಟ್ಟಿಕೊಳ್ಳಬೇಕಿತ್ತು. ಇಷ್ಟಾದ ಮೇಲೆ ವೆರಿಲಾಗ್ ಕೋಡಿನಲ್ಲಿ ಡಾಲರ್ ಚಿಹ್ನೆ ಹಾಕಿ ಆ ಹೆಸರು ಕರೆದರೆ ಸಿ ಓಗೊಡುತ್ತಿತ್ತು.

1995ರಲ್ಲಿ ವೆರಿಲಾಗ್ ಐಇಇಇ 1364 ಮಾನಕವಾದಾಗ ಟಿಎಫ್, ಎಸಿಸಿ, ವಿಪಿಐ ಎಂಬ ಪಿಎಲ್‌ಐಯ ಮೂರು ತಲೆಮಾರಿನ ಫಂಕ್ಷನ್‌ಗಳೂ ಒಟ್ಟಿಗೇ ಅದರೊಳಗೆ ಬಂದವು. ನನ್ನ ಮಟ್ಟಿಗೆ ಮೂರರಲ್ಲಿ ವಿಪಿಐ ಒಂದೇ ಯೋಚಿಸಿ ಮಾಡಿದ್ದು. ಸಿ ಭಾಷೆಯ ಬಿಟ್‌ಗೆ ಗೊತ್ತಿರುವುದು 0 ಮತ್ತು 1 ಮಾತ್ರ. ವೆರಿಲಾಗ್‌ನಲ್ಲಿ ‘ಎಕ್ಸ್’ (ಏನೆಂದು ತಿಳಿಯದ್ದು), ‘ಝಡ್’ (ಯಾರೂ ನಡೆಸದೆ ಬಿಟ್ಟ ತಂತಿ) ಕೂಡ ಇವೆ. ವಿಪಿಐ ಪ್ರತಿ ಬಿಟ್‌ಗೂ ‘ಎವ್ಯಾಲ್’, ‘ಬಿವ್ಯಾಲ್’ ಎಂದು ಎರಡೆರಡು ಬಿಟ್ ಇಟ್ಟಿತು. ಬಿವ್ಯಾಲ್ 0 ಆಗಿದ್ದರೆ ಎವ್ಯಾಲ್‌ನಲ್ಲಿರುವುದೇ ಬೆಲೆ. ಬಿವ್ಯಾಲ್ 1 ಆಗಿ ಎವ್ಯಾಲ್ 0 ಇದ್ದರೆ ಝಡ್, ಎರಡೂ 1 ಆದರೆ ಎಕ್ಸ್.

2003ರಲ್ಲಿ ವೆರಿಲಾಗನ್ನು ವಿಸ್ತರಿಸಿದ, ಅಕ್ಸೆಲೆರಾ ಸಂಸ್ಥೆಯ ಸಿಸ್ಟಂ ವೆರಿಲಾಗ್ 3.1 ಬಂತು, ಜೊತೆಗೆ ಸಿ ಭಾಷೆಯನ್ನು ನೇರವಾಗಿ ಕರೆಯುವ ಡಿಪಿಐ ಕೂಡ. ಒಂದು ‘ಇಂಪೋರ್ಟ್’ ಸಾಲು ಬರೆದರೆ ಸಾಕು, ಸಿ ಫಂಕ್ಷನ್ ಅಲ್ಲೇ ಸಿದ್ಧ. ಪಟ್ಟಿಯೂ ಬೇಡ, ಡಾಲರೂ ಬೇಡ. ನಾವೆಲ್ಲ ನೆಮ್ಮದಿಯ ನಿಟ್ಟುಸಿರು ಬಿಟ್ಟೆವು. 2005ರಲ್ಲಿ ಟಿಎಫ್, ಎಸಿಸಿಗಳನ್ನು ಮಾನಕವೇ ಕೈಬಿಟ್ಟಿತು.

ಆದರೆ ಡಿಪಿಐ ಎಂದರೆ ಆರ್ಗ್ಯುಮೆಂಟ್ ಕೊಟ್ಟು ಉತ್ತರ ಪಡೆಯುವುದಷ್ಟೇ. ಎಕ್ಸ್ ಇರುವ ಬೆಲೆಯನ್ನು ‘ಇಂಟ್’ ಆಗಿ ದಾಟಿಸಿದರೆ ಆ ಎಕ್ಸ್ ಬಿಟ್ ಸದ್ದಿಲ್ಲದೆ 0 ಆಗಿಬಿಡುತ್ತದೆ, ದೋಷವೂ ಅದರ ಜೊತೆಗೇ ಮರೆಯಾಗುತ್ತದೆ. ಡಿಸೈನಿನ ಒಳಹೊಕ್ಕು ಯಾವ ಮಾಡ್ಯೂಲಿನಲ್ಲಿ ಯಾವ ತಂತಿ ಇದೆ ಎಂದು ಹುಡುಕಲು ಇಂದಿಗೂ ವಿಪಿಐಯೇ ಬೇಕು. ಪೈಥಾನ್‌ನಲ್ಲಿ ಟೆಸ್ಟ್ ಬರೆಯಲು ಈಗಿನವರು ಮೆಚ್ಚಿ ಬಳಸುವ ಕೋಕೋಟಿಬಿ ವೆರಿಲಾಗ್ ಸಿಮ್ಯುಲೇಟರುಗಳ ಜೊತೆ ಮಾತಾಡುವುದೂ ಇದರ ಮೂಲಕವೇ. ಇಕಾರಸ್ ವೆರಿಲಾಗ್ ಎಂಬ ಸಿಮ್ಯುಲೇಟರ್ ಪುಕ್ಕಟೆ ಸಿಗುತ್ತದೆ. ಈ ಕೆಲಸಕ್ಕೆ ಬರುವವರು ಅದರಲ್ಲಿ ಒಂದು ಪುಟ್ಟ ವಿಪಿಐ ಪ್ರೋಗ್ರಾಂ ಬರೆದು, ಒಂದು ಎಕ್ಸ್‌ನ ಎವ್ಯಾಲ್, ಬಿವ್ಯಾಲ್ ಎರಡನ್ನೂ ತೆರೆಯ ಮೇಲೆ ತಾವೇ ತಂದು ನೋಡಲಿ.